ತೆಳು ಪ್ಲೇಟ್ ಮಷೀನಿಗೆ ಹಾಕಿದರೆ ಬಾಗುತ್ತೆ, ಏನು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾ ಕಡೆ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್, ಒಂದು ಹಳೇ ಸರ್ಫೇಸ್ ಗ್ರೈಂಡರ್, ಸಾಲ ಇನ್ನೂ ತೀರದ ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನ್). ಅಕ್ಕಿ ಗಿರಣಿಯ ಪ್ಲೇಟು, ಚನ್ನಗಿರಿ ಕಡೆಯಿಂದ ಬರುವ ಅಡಿಕೆ ಸುಲಿಯುವ ಯಂತ್ರದ ಪಾರ್ಟು, ಪ್ಯಾಕಿಂಗ್ ಮಷೀನಿನ ಪಟ್ಟಿ, ಹೀಗೆ ತೆಳು ಕೆಲಸವೇ ಜಾಸ್ತಿ. ಐಟಿಐ ಮುಗಿಸಿ ಬರುವ ಹುಡುಗರು, ಹರಿಹರದ ಶಾಪ್‌ಗಳವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಪ್ರತಿ ಸಲ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಸಲ ಬರೆದಿಡೋಣ ಅನ್ನಿಸಿತು.

ವೈಸ್‌ನಲ್ಲಿ (ಎರಡು ದವಡೆಯ ಹಿಡಿಕೆಯಲ್ಲಿ) ಇದ್ದಾಗ ಪ್ಲೇಟ್ ಕನ್ನಡಿ ಹಾಗೆ ಮಟ್ಟಸ. ಬಿಚ್ಚಿದ ತಕ್ಷಣ ಬಾಗುತ್ತೆ. ಮಷೀನ್ ಸರಿ ಇಲ್ವಾ?

ಮಷೀನ್ ಸರಿಯಾಗೇ ಇರುತ್ತದೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಹಿಡಿದ ರೀತಿಯಲ್ಲೇ ಇರುತ್ತದೆ. ಇಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ. ಎರಡನ್ನೂ ಕಲಸಿಕೊಂಡರೆ ಪರಿಹಾರ ಸಿಗುವುದಿಲ್ಲ.

ಮೊದಲನೆಯದು, ನೀವೇ ಬಗ್ಗಿಸಿ ಹಿಡಿದದ್ದು. 5 ಮಿ.ಮೀ. ಪ್ಲೇಟನ್ನು ವೈಸ್‌ಗೆ ಹಾಕಿ ಹ್ಯಾಂಡಲ್ ಮೇಲೆ ಜೋತು ಬಿದ್ದರೆ ಅದು ಎಲ್ಲಿಗೆ ಹೋಗಬೇಕು? ನಡುವೆ ಮೇಲಕ್ಕೆ ಉಬ್ಬುತ್ತದೆ. ಆ ಉಬ್ಬನ್ನು ಕಟರ್ ನೀಟಾಗಿ ತೆಗೆದುಬಿಡುತ್ತದೆ. ಹಿಡಿದಿರುವಾಗ ಮಟ್ಟಸ ಕಾಣುವುದು ಅದಕ್ಕೇ. ಬಿಚ್ಚಿದಾಗ ಪ್ಲೇಟ್ ತನ್ನ ಹಳೇ ಆಕಾರಕ್ಕೆ ಮರಳುತ್ತದೆ, ಉಬ್ಬು ಇದ್ದ ಜಾಗದಲ್ಲಿ ಈಗ ತಗ್ಗು. ಮೊದಲೇ ಡೊಂಕಿದ್ದ ಪ್ಲೇಟನ್ನು ಟೇಬಲ್ ಮೇಲೆ ಕ್ಲ್ಯಾಂಪ್ ಒತ್ತಿ ಕೂರಿಸಿದರೂ ಇದೇ ಕಥೆ.

ಎರಡನೆಯದು, ಲೋಹದೊಳಗೇ ಇರುವ ಬಿಗಿತ. ಹಪ್ಪಳ ಒಣಗಲು ಹಾಕಿದ್ದೀರಲ್ಲ, ಬಿಸಿಲು ತಾಗಿದ ಮೈ ಮೊದಲು ಒಣಗಿ ಕುಗ್ಗುತ್ತದೆ, ಅಂಚು ಮೇಲೇಳುತ್ತದೆ. ಅದಕ್ಕೇ ಅಮ್ಮ ನಡುನಡುವೆ ಮಗುಚಿ ಹಾಕುತ್ತಾಳೆ. ರೋಲಿಂಗ್ ಮಿಲ್ಲಿನಿಂದ ಬಂದ ಪ್ಲೇಟಿನಲ್ಲೂ ಹೊರಪದರದ ಬಿಗಿತ ಬೇರೆ, ಒಳಪದರದ ಬಿಗಿತ ಬೇರೆ. ಎರಡೂ ಒಂದನ್ನೊಂದು ಎಳೆದು ಹಿಡಿದಿರುವುದರಿಂದ ಪ್ಲೇಟ್ ನೆಟ್ಟಗೆ ನಿಂತಿರುತ್ತದೆ. ಒಂದೇ ಕಡೆಯ ಪದರ ತೆಗೆದರೆ ಆ ಲೆಕ್ಕ ತಪ್ಪಿ ಪ್ಲೇಟ್ ಸುರುಳಿಕೊಳ್ಳುತ್ತದೆ. ಇಲ್ಲೂ ಮದ್ದು ಹಪ್ಪಳದ್ದೇ. ಮಗುಚಿ ಮಗುಚಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ತೆಗೆಯಬೇಕು.

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಇತ್ತಲ್ಲ, ಅಲ್ಲಿ ಕೆಲಸ ಕಲಿತು ಬಂದ ಮೇಸ್ತ್ರಿಯೊಬ್ಬರ ಕೈಕೆಳಗೆ ನಾನು ಕಲಿತದ್ದು. ಅವರು ಪ್ಲೇಟನ್ನು ಒತ್ತಿ ನೆಟ್ಟಗೆ ಮಾಡಲು ಬಿಡುತ್ತಲೇ ಇರಲಿಲ್ಲ. ಡೊಂಕಿದ್ದರೆ ಡೊಂಕಾಗೇ ಹಿಡಿ, ಕಟರ್ ನೆಟ್ಟಗೆ ಮಾಡಲಿ ಅನ್ನೋರು. ಕೆಳಗೆ ನಾನು ಹೇಳುವ ಎಲ್ಲ ವಿಧಾನಗಳ ಹಿಂದೆ ಇರುವುದು ಆ ಮಾತೇ.

ಎಷ್ಟು ದಪ್ಪ ಇದ್ದರೆ ತೆಳು ಅಂತ ಲೆಕ್ಕ?

ಬರೀ ದಪ್ಪ ನೋಡಿ ಹೇಳಲಾಗದು. 6 ಮಿ.ಮೀ. ದಪ್ಪದ ತುಂಡು 40 ಮಿ.ಮೀ. ಅಗಲ ಇದ್ದರೆ ಅದು ಗಟ್ಟಿ ಜಾಬ್ (ಮಷೀನಿಗೆ ಹಾಕುವ ತುಂಡಿಗೆ ನಾವು ಹೇಳುವುದು ಹೀಗೆ). ಅದೇ 6 ಮಿ.ಮೀ. 400 ಮಿ.ಮೀ. ಅಗಲ ಇದ್ದರೆ ರೊಟ್ಟಿ. ನೆನಪಿಡಬೇಕಾದದ್ದು ಒಂದು: ದಪ್ಪ ಅರ್ಧಕ್ಕಿಳಿದರೆ ಬಾಗದೆ ನಿಲ್ಲುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 10 ಮಿ.ಮೀ. ಪ್ಲೇಟಿಗೆ ಕ್ಲ್ಯಾಂಪ್ ಹಾಕುವ ಕೈಯಲ್ಲೇ 5 ಮಿ.ಮೀ. ಪ್ಲೇಟಿಗೂ ಹಾಕಿದರೆ ಎಂಟು ಪಟ್ಟು ಬಗ್ಗುತ್ತದೆ.

ನನ್ನ ಕ್ಲ್ಯಾಂಪೇ ಬಗ್ಗಿಸುತ್ತಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ?

ಡಯಲ್ ಗೇಜ್ (ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ, ಗಡಿಯಾರದಂಥ ಅಳತೆ ಸಾಧನ) ಇದ್ದರೆ ಎರಡು ನಿಮಿಷದ ಕೆಲಸ. ಆದರೂ ನಮ್ಮ ಕಡೆ ಇದನ್ನು ಮಾಡುವವರು ಕಡಿಮೆ.

ಪ್ಲೇಟ್ ಕೂರಿಸಿ, ಕ್ಲ್ಯಾಂಪ್ ಬಿಗಿಮಾಡಿ. ಡಯಲ್ ಅನ್ನು ಸ್ಪಿಂಡಲ್ ತಲೆಗೆ ಅಂಟಿಸಿ, ಅದರ ಮೊನೆಯನ್ನು ಪ್ಲೇಟಿನ ನಡುವೆ ತಾಗಿಸಿ ಮುಳ್ಳನ್ನು ಸೊನ್ನೆಗೆ ತನ್ನಿ. ಈಗ ಒಂದೊಂದೇ ಕ್ಲ್ಯಾಂಪ್ ನಿಧಾನ ಸಡಿಲಿಸಿ. ಮುಳ್ಳು ಅಲ್ಲಾಡದಿದ್ದರೆ ನೀವು ಸರಿಯಾಗಿ ಹಿಡಿದಿದ್ದೀರಿ. 0.05 ಮಿ.ಮೀ. ಓಡಿತು ಅಂದರೆ, ಜಾಬ್ ಬಿಚ್ಚಿದಾಗ ಸುಮಾರು ಅಷ್ಟೇ ತಪ್ಪು ಬರುತ್ತದೆ ಅಂತ ಮೊದಲೇ ಗೊತ್ತಾಯಿತು. ಮೂಲೆಗಳಲ್ಲೂ ಹೀಗೇ ನೋಡಿ. ಕಟ್ ಹಾಕುವ ಮುಂಚೆ ಈ ಎರಡು ನಿಮಿಷ ಕೊಡದೆ, ಆಮೇಲೆ ಎರಡು ಗಂಟೆ ತಲೆ ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ. ನಾನೂ ಅದರಲ್ಲಿ ಒಬ್ಬ.

ಫಿನಿಶ್ ಕಟ್‌ಗೂ (ಕೊನೆಯ ನಯ ಕಟ್) ಮುಂಚೆ ಒಂದು ಸಲ ಎಲ್ಲ ಕ್ಲ್ಯಾಂಪ್ ಸಡಿಲಿಸಿ, ಪ್ಲೇಟ್ ಆರಾಮಾಗಲಿ, ಮತ್ತೆ ಬೆರಳಿನ ಬಲದಲ್ಲಿ ಬಿಗಿಮಾಡಿ, ಆಮೇಲೆ ಸ್ವಲ್ಪವೇ ಸ್ವಲ್ಪ ಸ್ಪ್ಯಾನರ್ ಹಾಕಿ. ರಫ್ ಕಟ್‌ಗೆ (ಮೊದಲ ಒರಟು ಕಟ್) ಬೇಕಾದ ಬಲ ಫಿನಿಶ್ ಕಟ್‌ಗೆ ಬೇಕಿಲ್ಲ.

ಪ್ಲೇಟ್ ಬಂದದ್ದೇ ಡೊಂಕು. ಮೊದಲ ಮೈ ಹೇಗೆ ಮಾಡೋದು?

ಟೇಬಲ್ ಮೇಲೆ ಇಟ್ಟು ಮೂಲೆ ಮೂಲೆ ಒತ್ತಿ ನೋಡಿ. ಕುರ್ಚಿಯ ಒಂದು ಕಾಲು ಗಿಡ್ಡ ಇದ್ದ ಹಾಗೆ ಟಕ್ ಟಕ್ ಅನ್ನುತ್ತದೆ ಅಲ್ವಾ, ಅಲ್ಲಿ ಸಂದಿ ಇದೆ. ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆ) ತೂರಿಸಿ ಎಷ್ಟು ಅಂತ ಅಳೆಯಿರಿ. ಅಷ್ಟೇ ದಪ್ಪದ ಶಿಮ್ (ಸಂದಿ ತುಂಬುವ ತೆಳು ಚೂರು) ಅಲ್ಲಿ ತುಂಬಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಸಿಗರೇಟ್ ಪ್ಯಾಕಿನ ಒಳಗಿನ ತೆಳು ಕಾಗದ, ಪೇಪರ್ ತುಂಡು, ಎಲ್ಲ ನಡೆಯುತ್ತದೆ. ಮೈಕ್ರೋಮೀಟರ್‌ನಲ್ಲಿ ಅಳೆದು ಇಟ್ಟುಕೊಳ್ಳಿ. ನಮ್ಮಲ್ಲಿ ಇಂಥ ಚೂರುಗಳಿಗೆಂದೇ ಒಂದು ಹಳೇ ಬಿಸ್ಕತ್ ಡಬ್ಬಿ ಇದೆ.

ಕ್ಲ್ಯಾಂಪ್ ಯಾವಾಗಲೂ ಶಿಮ್ ಇರುವ ಜಾಗದ ನೇರ ಮೇಲೆ ಬರಬೇಕು. ಕೆಳಗೆ ಆಸರೆ ಇಲ್ಲದ ಕಡೆ ಕ್ಲ್ಯಾಂಪ್ ಹಾಕಿದರೆ ಶಿಮ್ ಇಟ್ಟದ್ದು ದಂಡ. ಉಬ್ಬಿದ ಮೈ ಮೇಲಿರಲಿ, ತಗ್ಗು ಕೆಳಗಿರಲಿ. ಆಗ ಪ್ಲೇಟ್ ಅಂಚಿನ ಮೇಲೆ ನಿಲ್ಲುತ್ತದೆ, ತೊಟ್ಟಿಲ ಹಾಗೆ ತೂಗುವುದಿಲ್ಲ. ಮೇಲಿನ ಮೈ ಮುಕ್ಕಾಲು ಪಾಲು ಕಟ್ ತಾಗಿದರೆ ಸಾಕು, ಮಗುಚಿ. ಆ ಹೊಸ ಮೈಯನ್ನು ಕೆಳಗಿಟ್ಟು ಇನ್ನೊಂದು ಕಡೆ ತೆಗೆಯಿರಿ. ಮತ್ತೆ ಮಗುಚಿ. ಮೂರು ನಾಲ್ಕು ಸಲಕ್ಕೆ ದಾರಿಗೆ ಬರುತ್ತದೆ. ಸಮಯ ಇದ್ದರೆ ರಫ್ ಮುಗಿಸಿ ಒಂದು ರಾತ್ರಿ ಸುಮ್ನೆ ಬಿಡಿ, ಬೆಳಿಗ್ಗೆ ಮತ್ತೆ ನೋಡಿ.

ಇನ್ನೊಂದು ಮರೆತೆ. ಲೇಸರ್ ಕಟಿಂಗ್ ಅಥವಾ ಶಿಯರಿಂಗ್ ಮಾಡಿಸಿಕೊಂಡು ಬಂದ ಪ್ಲೇಟಾದರೆ ಮೊದಲು ಅಂಚಿನ ಬರ್ (ಕತ್ತರಿಸಿದಾಗ ಎದ್ದ ಚೂಪು ಮುಳ್ಳು) ತೆಗೆಯಿರಿ. ಕೆಳಗಂಚಿಗೆ ಅಂಟಿದ ಒಂದು ಸಣ್ಣ ಕಿಟ್ಟದ ಹನಿ ಸಾಕು, ನಿಮ್ಮ ಶಿಮ್ ಲೆಕ್ಕವೆಲ್ಲ ಸುಳ್ಳಾಗಲು.

ಮ್ಯಾಗ್ನೆಟಿಕ್ ಚಕ್ (ಆಯಸ್ಕಾಂತದಿಂದ ಹಿಡಿಯುವ ಹಲಗೆ) ಮೇಲೆ ಗ್ರೈಂಡ್ ಮಾಡಿದರೆ ತಾನಾಗೇ ಮಟ್ಟಸ ಬರಲ್ವಾ?

ಬರುವುದಿಲ್ಲ. ದೊಡ್ಡ ಮೋಸ ಇರುವುದೇ ಇಲ್ಲಿ. ಮ್ಯಾಗ್ನೆಟ್ ಆನ್ ಮಾಡಿದಾಗ ಡೊಂಕು ಪ್ಲೇಟ್ ಚಪ್ ಅಂತ ಕೂರುತ್ತದೆ. ಎಷ್ಟು ಚಂದ ಅನ್ನಿಸುತ್ತದೆ. ಗ್ರೈಂಡ್ ಮಾಡಿ ಮ್ಯಾಗ್ನೆಟ್ ಬಿಟ್ಟರೆ ಮತ್ತೆ ಡೊಂಕು, ಈಗ ಮೈ ಮಾತ್ರ ಹೊಳೆಯುತ್ತಿರುತ್ತದೆ. ಡೊಂಕು ಪ್ಲೇಟಿಗೆ ಪಾಲಿಶ್ ಮಾಡಿದ ಹಾಗಾಯಿತು. ಮೈಕ್ರೋಮೀಟರ್ ಹಾಕಿದರೆ ಎಲ್ಲ ಕಡೆ ಒಂದೇ ದಪ್ಪ ತೋರಿಸುತ್ತದೆ, ಅದನ್ನು ನಂಬಿ ಜಾಬ್ ಕಳಿಸಿ ಬೈಸಿಕೊಂಡದ್ದೂ ಇದೆ.

ಸರಿಯಾದ ಕ್ರಮ ಹೀಗೆ. ಉಬ್ಬು ಮೇಲೆ ಇಟ್ಟು, ಕೆಳಗಿನ ಸಂದಿಗೆ ಶಿಮ್ ತುಂಬಿ, ಆಮೇಲೆ ಮ್ಯಾಗ್ನೆಟ್ ಹಾಕಬೇಕು. ಬಲ ಹೆಚ್ಚು ಕಡಿಮೆ ಮಾಡುವ ಕಂಟ್ರೋಲ್ ಇದ್ದರೆ ಕಡಿಮೆ ಇಡಿ. ಪ್ಲೇಟ್ ಜಾರದಂತೆ ಸುತ್ತ ಉಕ್ಕಿನ ಬ್ಲಾಕ್ ಇಟ್ಟು ಅಡ್ಡಗಟ್ಟಿ. ಒಂದು ಸಲಕ್ಕೆ 0.005ರಿಂದ 0.01 ಮಿ.ಮೀ.ಗಿಂತ ಜಾಸ್ತಿ ಇಳಿಸಬೇಡಿ. ಒಂದು ಮೈ ನಿಜಕ್ಕೂ ಮಟ್ಟಸ ಆದಮೇಲೆ ಅದನ್ನು ಕೆಳಗಿಟ್ಟು ಪೂರ್ತಿ ಮ್ಯಾಗ್ನೆಟ್ ಹಾಕಬಹುದು, ಎಳೆಯಲು ಸಂದಿಯೇ ಇರುವುದಿಲ್ಲ.

ಚಕ್‌ನ ಪಟ್ಟಿಗಳು ಅಗಲ ಇದ್ದರೆ ತೆಳು ಪ್ಲೇಟಿಗೆ ಹಿಡಿತ ಕಡಿಮೆ. ಒತ್ತೊತ್ತಾಗಿ ಪಟ್ಟಿ ಇರುವ ಚಕ್ ಬೇಕು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, 304 ಸ್ಟೇನ್‌ಲೆಸ್ ಸ್ಟೀಲ್ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ ಅಂತ ಗೊತ್ತೇ ಇದೆ. ಆದರೆ ಸುತ್ತ ಎಂಎಸ್ (ಸಾದಾ ಮೆದು ಉಕ್ಕು) ಬ್ಲಾಕ್ ಇಟ್ಟು, ಆ ಬ್ಲಾಕುಗಳು ಮ್ಯಾಗ್ನೆಟ್‌ಗೆ ಅಂಟಿ, ನಡುವಿನ ಹಿತ್ತಾಳೆಯನ್ನು ಜಾರದಂತೆ ನಿಲ್ಲಿಸುವುದು ಹಳೇ ಉಪಾಯ. ತೀರಾ ಹಗುರ ಕಟ್‌ಗೆ ಮಾತ್ರ.

ನಡುವೆ ಕರೆಂಟ್ ಹೋದರೆ?

ಇದನ್ನು ಕೇಳುವುದು ನಮ್ಮೂರಿನವರೇ! ಬರೀ ಕರೆಂಟಿನಿಂದ ನಡೆಯುವ ಎಲೆಕ್ಟ್ರೋಮ್ಯಾಗ್ನೆಟಿಕ್ ಚಕ್ ಆದರೆ ಕರೆಂಟ್ ಹೋದ ಕ್ಷಣ ಹಿಡಿತವೂ ಹೋಯಿತು. ಆದರೆ ಗ್ರೈಂಡಿಂಗ್ ವೀಲ್ ಕೂಡಲೇ ನಿಲ್ಲುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಪ್ಲೇಟ್ ಹಾರಿಬಿಡುತ್ತದೆ. ಹ್ಯಾಂಡಲ್ ತಿರುಗಿಸುವ ಪರ್ಮನೆಂಟ್ ಮ್ಯಾಗ್ನೆಟ್ ಚಕ್ ಈ ವಿಷಯದಲ್ಲಿ ನೆಮ್ಮದಿ. ಸುತ್ತ ಬ್ಲಾಕ್ ಇಡುವುದನ್ನು ಯಾವ ಚಕ್ ಆದರೂ ತಪ್ಪಿಸಬೇಡಿ, ಗಾರ್ಡ್ ಹಾಕಿ, ವೀಲ್ ಎದುರಿಗೆ ನೇರ ನಿಲ್ಲಬೇಡಿ.

ಡಬಲ್ ಸೈಡ್ ಟೇಪ್, ಫೆವಿಕ್ವಿಕ್ ಇವೆಲ್ಲ ನಿಜವಾಗ್ಲೂ ನಡೆಯುತ್ತಾ?

ನಡೆಯುತ್ತೆ, ಚೆನ್ನಾಗೇ ನಡೆಯುತ್ತೆ. ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ. ಪ್ಲೇಟ್ ತೆಳುವಾಗಿ ಅಗಲವಾಗಿದ್ದಷ್ಟೂ ಅಂಟಿಗೆ ಅನುಕೂಲ, ಹಿಡಿಯುವ ಜಾಗ ಜಾಸ್ತಿ ಸಿಗುತ್ತದಲ್ಲ. ಪಕ್ಕದಿಂದ ಒತ್ತುವುದಿಲ್ಲ, ಮೇಲೆ ಕ್ಲ್ಯಾಂಪ್ ಅಡ್ಡ ಬರುವುದಿಲ್ಲ.

ಟೇಪ್ ಆದರೆ ಸ್ಪಂಜಿನಂತೆ ಮೆತ್ತಗಿರುವುದು ಬೇಡ. ಗೋಡೆಗೆ ಫೋಟೋ ಅಂಟಿಸಲು ಸರಿ ಅದು, ಕಟರ್ ಬಲಕ್ಕೆ ಅಲ್ಲಾಡುತ್ತದೆ. ತೆಳುವಾದ, ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆಯ ಟೇಪ್ ತನ್ನಿ. ಎರಡೂ ಮೈಯನ್ನು ಥಿನ್ನರ್ ಹಾಕಿ ಒರೆಸಿ, ಬೆರಳಚ್ಚು ಸಹ ಇರಬಾರದು. ಪಟ್ಟಿ ಒಂದರ ಮೇಲೊಂದು ಏರದಂತೆ ಪಕ್ಕಪಕ್ಕ ಅಂಟಿಸಿ. ಇಡೀ ಮೈಯನ್ನು ಸಮನಾಗಿ ಒತ್ತಿ.

ಫೆವಿಕ್ವಿಕ್ ಉಪಾಯ ಇನ್ನೂ ಒಳ್ಳೆಯದು. ಫಿಕ್ಸ್‌ಚರ್ ಪ್ಲೇಟಿನ (ಜಾಬ್ ಕೂರಿಸಲು ಕೆಳಗಿಡುವ ಮಟ್ಟಸ ದಪ್ಪ ಪ್ಲೇಟ್) ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಜಾಬ್‌ನ ಕೆಳಮೈಗೂ ಮಾಸ್ಕಿಂಗ್ ಟೇಪ್ ಅಂಟಿಸಿ. ಈ ಎರಡು ಟೇಪುಗಳ ಬೆನ್ನಿಗೆ ಬೆನ್ನು ಅಂಟು ಹಾಕಿ ಕೂರಿಸಿ. ಕೆಲಸ ಮುಗಿದ ಮೇಲೆ ಟೇಪ್ ಸುಲಿದರೆ ಆಯಿತು, ಜಾಬ್ ಮೇಲೆ ಅಂಟಿನ ಕಲೆ ಇಲ್ಲ. ಹೊರಗಿನ ಆಕಾರ ಕತ್ತರಿಸಲು, ಜೇಬು (ಮೈಯಲ್ಲಿ ತೋಡುವ ಗುಂಡಿ) ತೆಗೆಯಲು ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ. ದಪ್ಪ ಮಿ.ಮೀ.ನ ನೂರರಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಬೇಕಾದರೆ ಟೇಪ್ ಬಿಟ್ಟು ನೇರ ಅಂಟಿಸಬೇಕು. ಬಿಡಿಸಲು ಅಸಿಟೋನ್‌ನಲ್ಲಿ ನೆನೆಸಿ, ಇಲ್ಲವೇ ಕುದಿಯುವ ನೀರಿಗೆ ಹಾಕಿ. ಗ್ಯಾಸ್ ಟಾರ್ಚ್ ಹಿಡಿಯಬೇಡಿ. ಸುಟ್ಟ ಅಂಟಿನ ಹೊಗೆ ಕಣ್ಣು ಮೂಗು ಉರಿಸುತ್ತದೆ, ಪಕ್ಕದಲ್ಲಿ ಅಸಿಟೋನ್ ಡಬ್ಬಿ ಇದ್ದರಂತೂ ಬೆಂಕಿಯೇ.

ಅಂಟಿಗೂ ಡೊಂಕಿನ ನಿಯಮ ತಪ್ಪಿದ್ದಲ್ಲ. ಡೊಂಕು ಪ್ಲೇಟ್ ಮೇಲೆ ಭಾರ ಹೇರಿ ಅಂಟಿಸಿದರೆ ಅದೂ ಬಗ್ಗಿಸಿ ಹಿಡಿದ ಹಾಗೇ. ಸುಲಿದಾಗ ಮತ್ತೆ ಏಳುತ್ತದೆ. ಜೊತೆಗೆ ಕೂಲಂಟ್ (ಕಟರ್ ತಣಿಸುವ ದ್ರವ) ಧಾರೆ ಬಿಟ್ಟರೆ ಟೇಪಿನ ಅಂಚು ನಿಧಾನ ಬಿಟ್ಟುಕೊಳ್ಳುತ್ತದೆ. ಗಾಳಿ ಊದಿ ಅಥವಾ ಸ್ವಲ್ಪ ಸ್ವಲ್ಪ ಸಿಂಪಡಿಸಿ.

ಅಕ್ಕಸಾಲಿಗರು ಅರಗಿನ ಮೇಲೆ ಕೂರಿಸುತ್ತಾರಲ್ಲ, ಅದು ನಮಗೂ ಆಗುತ್ತಾ?

ಖಂಡಿತ. ಅರಗು, ಮೇಣ ಇವುಗಳ ದೊಡ್ಡ ಗುಣ ಅಂದರೆ ಸಂದಿ ತುಂಬುತ್ತವೆ. ಫೆವಿಕ್ವಿಕ್ ದಪ್ಪ ಸಂದಿಯಲ್ಲಿ ಗಟ್ಟಿಯಾಗುವುದಿಲ್ಲ, ಅರಗು ಆಗುತ್ತದೆ. ಡೊಂಕು ಪ್ಲೇಟನ್ನು ಕರಗಿದ ಅರಗಿನ ಮೇಲೆ ಸುಮ್ನೆ ಇಟ್ಟು ಆರಲು ಬಿಟ್ಟರೆ, ಕೆಳಗಿನ ಪ್ರತಿಯೊಂದು ತಗ್ಗಿಗೂ ಅದರದೇ ಅಳತೆಯ ಶಿಮ್ ತಾನಾಗೇ ಆಯಿತು! ಒತ್ತಡ ಇಲ್ಲ, ಕೆಳಗೆ ಪೂರ್ತಿ ಆಸರೆ. ಚಿನ್ನದ ತಗಡಿನ ಮೇಲೆ ಉಳಿ ಆಡಿಸುವವರು ಮೊದಲಿಂದ ಮಾಡಿಕೊಂಡು ಬಂದದ್ದು ಇದೇ. ವಾಚ್ ರಿಪೇರಿಯವರ ಲೇತ್‌ನಲ್ಲೂ ಅರಗಿನ ಚಕ್ ಉಂಟು.

ಫಿಕ್ಸ್‌ಚರ್ ಪ್ಲೇಟ್ ಮತ್ತು ಜಾಬ್ ಎರಡನ್ನೂ ಬಿಸಿ ಮಾಡಬೇಕು. ಎರಡರಲ್ಲಿ ಒಂದು ಮಾತ್ರ ಬಿಸಿ ಇದ್ದರೆ ಹಿಡಿಯುವುದಿಲ್ಲ. ಪೂರ್ತಿ ಆರುವವರೆಗೆ ಮುಟ್ಟಬೇಡಿ. ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಕಟಿಂಗ್ ಬಿಸಿ ಏರಿಸಬೇಡಿ, ಕೂಲಂಟ್ ಹರಿಸಿ. ಜೋರು ಕಟ್‌ಗೆ ಇದು ಅಲ್ಲ. ಸೀಸ, ಕ್ಯಾಡ್ಮಿಯಂ ಬೆರೆತ, ಸುಮಾರು 70 ಡಿಗ್ರಿಗೆ ಕರಗುವ ಮಿಶ್ರಲೋಹವೂ ಈ ಕೆಲಸಕ್ಕೆ ಸಿಗುತ್ತದೆ. ಅದು ವಿಷ. ಸಣ್ಣ ಶಾಪಿನಲ್ಲಿ, ಟೀ ಲೋಟ ಅದೇ ಬೆಂಚಿನ ಮೇಲೆ ಇಡುವ ನಮ್ಮಂಥವರಿಗೆ ಬೇಡವೇ ಬೇಡ.

ವ್ಯಾಕ್ಯೂಮ್ ಟೇಬಲ್ ಮಾಡಿಸಬಹುದಾ? ಎಷ್ಟು ಹಿಡಿಯುತ್ತೆ?

ವ್ಯಾಕ್ಯೂಮ್ ಎಳೆಯುವುದಿಲ್ಲ, ಹೊರಗಿನ ಗಾಳಿ ಒತ್ತುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1.03 ಕೆಜಿ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಅದು 0.96ರ ಆಸುಪಾಸು. ಪಂಪ್ ಪೂರ್ತಿ ಖಾಲಿ ಮಾಡುವುದಿಲ್ಲ, ಸೀಲ್ ಸ್ವಲ್ಪ ಸೋರುತ್ತದೆ, ಹಾಗಾಗಿ 0.8 ಅಂತ ಹಿಡಿಯಿರಿ.

300 × 200 ಮಿ.ಮೀ. ಪ್ಲೇಟ್ ಅಂದರೆ 600 ಚದರ ಸೆಂ.ಮೀ. ಸುಮಾರು 480 ಕೆಜಿ ಭಾರ ಕೂತ ಹಾಗೆ. ಭರ್ಜರಿ. ಆದರೆ 100 × 50 ಮಿ.ಮೀ. ತುಂಡಿಗೆ ಬರೀ 40 ಕೆಜಿ. ಕಟರ್ ತಳ್ಳುವುದು ಪಕ್ಕಕ್ಕೆ. ಎಣ್ಣೆ ಮೈಯಲ್ಲಿ ಉಜ್ಜುವಿಕೆಯ ತಡೆ ಒತ್ತುವ ಭಾರದ ಐದರಲ್ಲಿ ಒಂದು ಪಾಲು ಅಂದುಕೊಂಡರೂ ಪಕ್ಕಕ್ಕೆ ತಡೆಯುವುದು 8 ಕೆಜಿ ಅಷ್ಟೇ. ಸಣ್ಣ ಜಾಬ್‌ಗೆ ಬೇಡ ಅನ್ನುವುದು ಅದಕ್ಕೇ. ದೊಡ್ಡದಕ್ಕೂ ಪಕ್ಕದಲ್ಲಿ ಎರಡು ಡೋವೆಲ್ ಪಿನ್ ತಡೆ ಇಟ್ಟರೆ ಧೈರ್ಯ.

ನಾವು ಹಳೇ ಫ್ರಿಜ್‌ನ ಕಂಪ್ರೆಸರ್ ಹಾಕಿ ಒಂದು ಮಾಡಿಕೊಂಡಿದ್ದೇವೆ. ಪಂಪಿಗೂ ಟೇಬಲ್‌ಗೂ ನಡುವೆ ಒಂದು ಗಟ್ಟಿ ಟ್ಯಾಂಕ್ ಇದೆ. ಅದು ಕೂಲಂಟ್ ಪಂಪಿಗೆ ಹೋಗದಂತೆ ಹಿಡಿಯುತ್ತದೆ, ನಡುವೆ ನಾನ್-ರಿಟರ್ನ್ ವಾಲ್ವ್ ಇರುವುದರಿಂದ ಕರೆಂಟ್ ಹೋದಾಗ ಸ್ಪಿಂಡಲ್ ನಿಲ್ಲುವವರೆಗೆ ಹಿಡಿತವೂ ಉಳಿಯುತ್ತದೆ. ಜಾಬ್‌ನಲ್ಲಿ ಆರಪಾರ ತೂತು ಹೊಡೆದಿರೋ, ಗಾಳಿ ನುಗ್ಗಿ ಹಿಡಿತ ಹೋಯಿತು. ತೂತಿನ ಸುತ್ತ ಬೇರೆ ಓ-ರಿಂಗ್ ಕೊಡಬೇಕು. ವ್ಯಾಕ್ಯೂಮ್ ಸಹ ಡೊಂಕನ್ನು ಎಳೆದು ಕೂರಿಸುತ್ತದೆ, ಮ್ಯಾಗ್ನೆಟ್ ಹಾಗೇ. ಮೊದಲ ಮೈಗೆ ಬೇಡ, ಎರಡನೇ ಮೈಗೆ ಬಳಸಿ.

ಇದೆಲ್ಲ ಇಲ್ಲದೆ, ಬರೀ ಬೋಲ್ಟ್ ಹಾಕಿ ಮಾಡಕ್ಕಾಗಲ್ವಾ?

ಆಗುತ್ತೆ. ನನ್ನನ್ನು ಕೇಳಿದರೆ ಮೊದಲು ಯೋಚಿಸಬೇಕಾದದ್ದೇ ಇದು. ಡ್ರಾಯಿಂಗ್‌ನಲ್ಲಿ ಹೇಗೂ ನಾಲ್ಕೋ ಆರೋ ತೂತು ಇರುತ್ತವೆ. ಮೊದಲು ಅವನ್ನು ಹೊಡೆಯಿರಿ. 20 ಮಿ.ಮೀ. ದಪ್ಪದ ಒಂದು ಅಲ್ಯೂಮಿನಿಯಂ ಪ್ಲೇಟಿನ ಮೈ ತೆಳುವಾಗಿ ಕಟ್ ಮಾಡಿ ಮಟ್ಟಸಗೊಳಿಸಿ, ಅದೇ ಜಾಗಗಳಲ್ಲಿ ಟ್ಯಾಪ್ ಹಾಕಿ (ಮರೆ ಕೊರೆದು), ಜಾಬನ್ನು ಆ ತೂತುಗಳ ಮೂಲಕವೇ ಸ್ಕ್ರೂ ಮಾಡಿ ಕೂರಿಸಿ. ಸುತ್ತಲಿನ ಆಕಾರ ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಯುತ್ತದೆ. ಹತ್ತು ಜಾಬ್ ಇದ್ದರೆ ಹತ್ತಕ್ಕೂ ಅದೇ ಪ್ಲೇಟ್.

ತೂತೇ ಇಲ್ಲದ ಜಾಬ್ ಆದರೆ ಕಚ್ಚಾ ಪ್ಲೇಟ್ ಸ್ವಲ್ಪ ದೊಡ್ಡದು ತಂದು, ಹೊರಗಿನ ವೇಸ್ಟ್ ಭಾಗಕ್ಕೆ ಬೋಲ್ಟ್ ಹಾಕಿ. ಆಕಾರ ಕತ್ತರಿಸುವಾಗ ಮೂರು ನಾಲ್ಕು ಕಡೆ ಅರ್ಧ ಮಿ.ಮೀ. ದಪ್ಪದ ಕೊಂಡಿ ಬಿಡಿ. ಆಮೇಲೆ ಕೈಗರಗಸದಲ್ಲಿ ಕತ್ತರಿಸಿ, ಫೈಲ್ ಹಾಕಿ. ಕೊಂಡಿ ಬಿಡದೆ ಪೂರ್ತಿ ಕತ್ತರಿಸಿದರೆ ಕೊನೇ ಇಂಚಿನಲ್ಲಿ ಜಾಬ್ ತಿರುಗಿ ಕಟರ್‌ಗೆ ಸಿಕ್ಕಿ, ಜಾಬೂ ಕಟರೂ ಎರಡೂ ಹೋಗುತ್ತವೆ.

ಯಾವ ಮೆಟೀರಿಯಲ್ ತರಬೇಕು?

ಅಲ್ಯೂಮಿನಿಯಂ 6061ರಲ್ಲಿ ಟಿ6 ಮತ್ತು ಟಿ651 ಅಂತ ಎರಡು ಇವೆ. ಗಟ್ಟಿತನ ಒಂದೇ. ಟಿ651 ಅನ್ನು ನೀರಿನಲ್ಲಿ ತಣಿಸಿದ ಮೇಲೆ ಸ್ವಲ್ಪ ಎಳೆದು ಒಳಗಿನ ಬಿಗಿತ ಕಳೆದಿರುತ್ತಾರೆ. ಮಷೀನಿಂಗ್‌ಗೆ ಅದೇ ಬೇಕು. ಆದರೆ ಅದು ಸಿಗುವುದು ಹೆಚ್ಚಾಗಿ 6 ಮಿ.ಮೀ. ಮೇಲ್ಪಟ್ಟ ಪ್ಲೇಟ್‌ನಲ್ಲಿ. ಸ್ವಲ್ಪ ದಪ್ಪದ್ದು ತಂದು ಎರಡೂ ಕಡೆ ತೆಗೆಯುವುದು, ತೆಳು ಶೀಟ್ ತಂದು ಒದ್ದಾಡುವುದಕ್ಕಿಂತ ಎಷ್ಟೋ ವಾಸಿ.

ಎಂಎಸ್‌ನಲ್ಲಿ ಹಾಟ್ ರೋಲ್ಡ್ ಪ್ಲೇಟ್ ನೋಡಲು ಕೊಳಕು, ಸ್ವಭಾವ ಒಳ್ಳೆಯದು. ಹೊಳೆಯುವ ಬ್ರೈಟ್ ಪಟ್ಟಿ ನೋಡಲು ಚಂದ, ಒಂದು ಕಡೆ ಚರ್ಮ ಸುಲಿದರೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಬ್ರೈಟ್ ಪಟ್ಟಿಯಲ್ಲೇ ಮಾಡಬೇಕಾದರೆ ಮೊದಲು ಸ್ಟ್ರೆಸ್ ರಿಲೀವ್ (ಬಿಸಿ ಮಾಡಿ ಒಳಗಿನ ಬಿಗಿತ ಕಳೆಯುವುದು) ಮಾಡಿಸಿ: 550ರಿಂದ 650 ಡಿಗ್ರಿ, 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಲೆಕ್ಕ, ಆಮೇಲೆ ಫರ್ನೇಸ್ ಒಳಗೇ ನಿಧಾನ ಆರಬೇಕು.

ಕಟರ್ ಯಾವುದು?

ಚೂಪಾದದ್ದು. ಅರ್ಧ ಉತ್ತರ ಅಷ್ಟೇ. ಮೊಂಡ ಕಟರ್ ಕತ್ತರಿಸುವುದಿಲ್ಲ, ಒತ್ತಿ ಉಜ್ಜುತ್ತದೆ, ಬಿಸಿ ಮಾಡುತ್ತದೆ. ಇನ್ನರ್ಧ ಇದು: ಎಂಡ್ ಮಿಲ್‌ನ (ನೋಡಲು ಡ್ರಿಲ್ ಬಿಟ್ ಹಾಗಿರುವ ಕಟರ್) ಸುರುಳಿ ಜಾಸ್ತಿ ಇದ್ದಷ್ಟೂ ಅದು ಪ್ಲೇಟನ್ನು ಮೇಲಕ್ಕೆ ಎತ್ತುತ್ತದೆ, ಬಾವಿಯಿಂದ ನೀರು ಸೇದಿದ ಹಾಗೆ. ತೆಳು ಪ್ಲೇಟಿಗೆ ಸುರುಳಿ ಕಡಿಮೆ ಇರುವ, ನೇರ ಹಲ್ಲಿನ, ಅಥವಾ ಕೆಳಕ್ಕೆ ಒತ್ತುವ ಉಲ್ಟಾ ಸುರುಳಿಯ ಕಟರ್ ನೋಡಿ. ದೊಡ್ಡ ಫೇಸ್ ಕಟರ್ ಬದಲು ಸಣ್ಣದು, ಪಾಸಿಟಿವ್ ಇನ್ಸರ್ಟ್ (ಹಗುರವಾಗಿ ಕತ್ತರಿಸುವ ಚೂಪು ಕೋನದ, ಬದಲಿಸಬಹುದಾದ ಹಲ್ಲು) ಇರುವುದು. ಹಳೇ ಮಿಲ್ಲಿಂಗ್ ಆದರೆ ಒಂದೇ ಹಲ್ಲಿನ ಫ್ಲೈ ಕಟರ್ ಸಾಕು, ಕೈಯಲ್ಲಿ ಉಜ್ಜಿ ಚೂಪು ಮಾಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಹಾಕಿದರೆ ಮೈ ಬೆಣ್ಣೆ ಹಾಗೆ ಬರುತ್ತದೆ. ಹೊತ್ತು ಹಿಡಿಯುತ್ತದೆ, ನಿಜ.

ಬೇಸಿಗೆಯಲ್ಲಿ ಮಾತ್ರ ಅಳತೆ ತಪ್ಪುತ್ತಿದೆ, ಬಿಸಿಲಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಆದರೆ ಹೊರಗಿನ ಬಿಸಿಲಿಗಿಂತ ಕಟರ್ ಕೆಳಗಿನ ಬಿಸಿ ಜಾಸ್ತಿ ಕಾಟ ಕೊಡುತ್ತದೆ. 300 ಮಿ.ಮೀ. ಅಲ್ಯೂಮಿನಿಯಂ 20 ಡಿಗ್ರಿ ಬಿಸಿಯಾದರೆ ಸುಮಾರು 0.14 ಮಿ.ಮೀ. ಉದ್ದವಾಗುತ್ತದೆ, ಉಕ್ಕು ಸುಮಾರು 0.07. ಎರಡೂ ತುದಿ ಬಿಗಿಹಿಡಿದಿದ್ದರೆ ಹಿಗ್ಗಲು ಜಾಗ ಇಲ್ಲ, ನಡು ಮೇಲೇಳುತ್ತದೆ.

ಗ್ರೈಂಡಿಂಗ್‌ನಲ್ಲಿ ಇನ್ನೂ ಸೂಕ್ಷ್ಮ. 300 ಮಿ.ಮೀ. ಉದ್ದ, 5 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟಿನ ಮೇಲ್ಮೈ ಕೆಳಮೈಗಿಂತ ಬರೀ 2 ಡಿಗ್ರಿ ಬಿಸಿ ಇದ್ದರೂ ನಡು 0.05 ಮಿ.ಮೀ.ನಷ್ಟು ಉಬ್ಬಲು ನೋಡುತ್ತದೆ. ಒಲೆ ಮೇಲೆ ಹೊಸ ತೆಳು ಕಾವಲಿ ಇಟ್ಟಾಗ ಟಣ್ ಅಂತ ಏಳುವುದಿಲ್ಲವೇ, ಅದೇ. ಉಬ್ಬನ್ನು ವೀಲ್ ತಿಂದುಬಿಡುತ್ತದೆ, ಆರಿದ ಮೇಲೆ ನಡು ತಗ್ಗು. ಕೂಲಂಟ್ ಧಾರಾಳ ಬಿಡಿ, ವೀಲ್ ಆಗಾಗ ಡ್ರೆಸ್ ಮಾಡಿ (ಮೈ ಕೆರೆದು ಚೂಪು ಮಾಡಿ). ಕೊನೆಗೆ ಕಟ್ ಕೊಡದೆ ಎರಡು ಮೂರು ಸಲ ಓಡಿಸಿ, ಕಿಡಿ ತಾನಾಗೇ ನಿಲ್ಲಲಿ.

ಅಳತೆಯ ಲೆಕ್ಕವೆಲ್ಲ 20 ಡಿಗ್ರಿಗೆ. ನಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಕನಸು. ಜಾಬ್, ಮೈಕ್ರೋಮೀಟರ್ ಎರಡನ್ನೂ ಒಂದೇ ನೆರಳಿನಲ್ಲಿ ಒಂದು ಗಂಟೆ ಇಟ್ಟು ಅಳೆಯಿರಿ. ಎರಡೂ ಉಕ್ಕೇ ಆದರೆ ಬಹುಪಾಲು ತಪ್ಪು ಒಂದಕ್ಕೊಂದು ವಜಾ ಆಗುತ್ತದೆ.

ಲೇತ್‌ನಲ್ಲಿ ತೆಳು ಚಕ್ರ, ವಾಶರ್ ತಿರುಗಿಸೋದು ಹೇಗೆ?

ಮೂರು ದವಡೆ ಚಕ್‌ನಲ್ಲಿ ಬಿಗಿದರೆ ಮೂರು ಕಡೆ ಒತ್ತಿ ಹೂವಿನ ಆಕಾರ ಆಗುತ್ತದೆ. ಒಂದೇ ತುಂಡಾದರೆ ಸಾಫ್ಟ್ ಜಾ (ಬೇಕಾದ ಆಕಾರಕ್ಕೆ ಕೊರೆದುಕೊಳ್ಳುವ ಮೆದು ದವಡೆ) ಹಾಕಿ, ಅಲ್ಲೇ ಮೆಟ್ಟಿಲು ಬೋರ್ ಮಾಡಿ, ಚಕ್ರವನ್ನು ಅದಕ್ಕೆ ಆನಿಸಿ. ಹೊರಸುತ್ತು ಮಾತ್ರ ತಿರುಗಿಸಬೇಕಾದರೆ ಹಿಂದೆ ಒಂದು ದಪ್ಪ ಬಿಲ್ಲೆ, ಮುಂದೆ ಇನ್ನೊಂದು ಬಿಲ್ಲೆ ಇಟ್ಟು ರಿವಾಲ್ವಿಂಗ್ ಸೆಂಟರ್‌ನಿಂದ ಒತ್ತಿ ಹಿಡಿಯಿರಿ. ಇಪ್ಪತ್ತು ಮೂವತ್ತು ವಾಶರ್ ಇದ್ದರೆ ಎಲ್ಲವನ್ನೂ ಒಂದು ಮ್ಯಾಂಡ್ರಲ್‌ಗೆ (ತೂತಿನೊಳಗೆ ಹೋಗುವ ಸರಳಿಗೆ) ಪೋಣಿಸಿ ನಟ್ ಬಿಗಿದು ಒಂದೇ ಸಲ ತಿರುಗಿಸಿ. ಬಿಡಿಯಾಗಿ ಪ್ರತಿಯೊಂದೂ ತೆಳು, ಒಟ್ಟಿಗೆ ಸೇರಿದರೆ ರಾಡ್.

ತೆಳು ಶೀಟಿಗೆ ಡ್ರಿಲ್ ಹಾಕಿದರೆ ತೂತು ಮೂರು ಮೂಲೆ ಆಗುತ್ತೆ, ಶೀಟ್ ಬಿಟ್‌ಗೆ ಸಿಕ್ಕಿಕೊಳ್ಳುತ್ತೆ.

10 ಮಿ.ಮೀ. ಡ್ರಿಲ್ ಬಿಟ್‌ನ 118 ಡಿಗ್ರಿ ಮೂತಿಯ ಎತ್ತರವೇ 3 ಮಿ.ಮೀ. ನಿಮ್ಮ ಶೀಟ್ 2 ಮಿ.ಮೀ. ಇದ್ದರೆ ಬಿಟ್ ಪೂರ್ತಿ ಒಳಗೆ ಇಳಿಯುವ ಮುಂಚೆಯೇ ಮೂತಿ ಆಚೆ ಬಂದಿರುತ್ತದೆ. ಹಿಡಿದಿಡುವವರಿಲ್ಲದೆ ಬಿಟ್ ಓಲಾಡುತ್ತದೆ, ತೂತು ಮೂರು ಮೂಲೆ ಆಗುತ್ತದೆ. ಕೆಳಗೆ ಗಟ್ಟಿ ಹಲಗೆ ಇಡಿ, ಆಗುವುದಾದರೆ ಮೇಲೂ ಒಂದು ಪ್ಲೈವುಡ್ ಇಟ್ಟು ಸ್ಯಾಂಡ್‌ವಿಚ್ ಮಾಡಿ. ಸ್ಟೆಪ್ ಡ್ರಿಲ್ ಇದ್ದರೆ ಇನ್ನೂ ಸಲೀಸು.

ಶೀಟನ್ನು ಕೈಯಲ್ಲಿ ಮಾತ್ರ ಹಿಡಿಯಬೇಡಿ. ಆಚೆ ಬರುವ ಕ್ಷಣದಲ್ಲಿ ಬಿಟ್ ಶೀಟನ್ನು ಎತ್ತಿಕೊಂಡು ಫ್ಯಾನ್ ಹಾಗೆ ತಿರುಗಿಸುತ್ತದೆ. ನನ್ನ ಎಡಗೈ ಹೆಬ್ಬೆರಳ ಬುಡದಲ್ಲಿ ಐದು ಹೊಲಿಗೆಯ ಗುರುತು ಇವತ್ತಿಗೂ ಇದೆ. ಒಂದು ಸಣ್ಣ ಬ್ರಾಕೆಟ್, ಒಂದೇ ತೂತು, ಅರ್ಜೆಂಟ್ ಅಂತ ಕ್ಲ್ಯಾಂಪ್ ಹಾಕದೆ ಹಿಡಿದಿದ್ದೆ. ಗ್ಲೌಸ್ ಹಾಕಿಕೊಂಡರೆ ಆಯ್ತು ಅನ್ನಬೇಡಿ, ತಿರುಗುವ ಬಿಟ್ ಹತ್ತಿರ ಗ್ಲೌಸ್ ಇನ್ನೂ ಅಪಾಯ, ಕೈಯನ್ನೇ ಎಳೆದುಕೊಳ್ಳುತ್ತದೆ.

ಬಾಗಿದ ಮೇಲೆ ಪ್ರೆಸ್‌ನಲ್ಲಿ ಒತ್ತಿ ನೆಟ್ಟಗೆ ಮಾಡಿ ಕಳಿಸಬಹುದಾ?

ಅಡಿಕೆ ಮಷೀನಿನ ಗಾರ್ಡ್ ಪ್ಲೇಟಾದರೆ ಧಾರಾಳವಾಗಿ. ಅಳತೆಯ ಜಾಬ್ ಆದರೆ ಬೇಡ. ಒತ್ತಿದಾಗ ಹೊಸ ಬಿಗಿತ ಒಳಗೆ ತುಂಬುತ್ತೀರಿ, ಆಮೇಲೆ ಒಂದು ಜೇಬು ತೆಗೆದರೂ ಮತ್ತೆ ಬಾಗುತ್ತದೆ.

ಮಟ್ಟಸ ಇದೆ ಅಂತ ಗಿರಾಕಿಗೆ ತೋರಿಸೋದು ಹೇಗೆ?

ಮೊದಲು ಗಿರಾಕಿಯನ್ನೇ ಒಂದು ಮಾತು ಕೇಳಿ: ಈ ಪ್ಲೇಟನ್ನು ನೀವು ದಪ್ಪ ಬೇಸ್ ಮೇಲೆ ಬೋಲ್ಟ್ ಹಾಕಿ ಕೂರಿಸುತ್ತೀರಾ, ಇಲ್ಲಾ ಬಿಡಿಯಾಗಿ ನಿಲ್ಲುತ್ತಾ? ಬೋಲ್ಟ್ ಹಾಕುವುದಾದರೆ ಬಿಡಿಯಾಗಿದ್ದಾಗ 0.1 ಮಿ.ಮೀ. ಬಾಗಿದ್ದರೂ ನಡೆಯಬಹುದು, ದಪ್ಪ ಒಂದೇ ಸಮ ಇದ್ದರೆ ಸಾಕು. ಎಷ್ಟೋ ಡ್ರಾಯಿಂಗ್‌ಗಳಲ್ಲಿ ಸುಮ್ನೆ 0.02 ಅಂತ ಬರೆದಿರುತ್ತಾರೆ. ಕೇಳಿದರೆ ಅರ್ಧ ಜನ ಸಡಿಲಿಸುತ್ತಾರೆ. ಈ ಮಾತು ರೇಟ್ ಹೇಳುವ ಮುಂಚೆಯೇ ಆಗಬೇಕು, ಜಾಬ್ ಬಾಗಿದ ಮೇಲೆ ಕೇಳಿದರೆ ನೆಪ ಅನ್ನಿಸುತ್ತದೆ.

ಬಿಡಿಯಾಗೇ ಮಟ್ಟಸ ಬೇಕು ಅಂದರೆ ಮೈಕ್ರೋಮೀಟರ್ ಪಕ್ಕಕ್ಕಿಡಿ. ಅದು ದಪ್ಪ ಹೇಳುತ್ತದೆಯೇ ಹೊರತು ಡೊಂಕು ಹೇಳುವುದಿಲ್ಲ. ಸರ್ಫೇಸ್ ಪ್ಲೇಟ್ (ಅಳತೆಗೆಂದೇ ಮಾಡಿದ ನಿಖರ ಮಟ್ಟಸ ಹಾಸು) ಮೇಲೆ ಒಂದೇ ಎತ್ತರದ ಮೂರು ಸಣ್ಣ ಬ್ಲಾಕ್ ಇಟ್ಟು, ಅದರ ಮೇಲೆ ಜಾಬ್ ಇಟ್ಟು, ಡಯಲ್ ಓಡಿಸಿ. ನಾಲ್ಕು ಬ್ಲಾಕ್ ಇಟ್ಟರೆ ಒಂದು ಯಾವಾಗಲೂ ಸುಳ್ಳು ಹೇಳುತ್ತದೆ. ತೀರಾ ತೆಳು ಪ್ಲೇಟ್ ಆದರೆ ತನ್ನ ಭಾರಕ್ಕೇ ನಡುವೆ ಜೋಲುತ್ತದೆ, ಆಗ ನೇರ ಸರ್ಫೇಸ್ ಪ್ಲೇಟ್ ಮೇಲೇ ಇಟ್ಟು ಸುತ್ತ ಫೀಲರ್ ಹಾಕಿ ನೋಡಿ. 0.03 ಫೀಲರ್ ಎಲ್ಲೂ ಹೋಗದಿದ್ದರೆ ಮಗುಚಿ ಇನ್ನೊಮ್ಮೆ ನೋಡಿ. ತಗ್ಗು ಕೆಳಗಿದ್ದಾಗ ಅಂಚು ಕೂತಿರುತ್ತದೆ, ಫೀಲರ್‌ಗೆ ಏನೂ ಸಿಗುವುದಿಲ್ಲ.